ಜರ್ಮನಿಯಲ್ಲಿ ಇನ್ನೊಬ್ಬರ ಮನೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯಿಂದ ಹೋಗುವ ಸ್ವಯಂಸೇವಕರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆಯ ಹುಡುಗ ಹುಡುಗಿಯರು ಸ್ವಯಂಸೇವೆಗೆ ಜರ್ಮನಿಗೆ ಹೋದರೆ ಬಹುಮಟ್ಟಿಗೆ ‘ಬುಂಡೆಸ್‌ಫ್ರೈವಿಲಿಗೆನ್‌ಡೀನ್‌ಸ್ಟ್’ ಎಂಬ ಸರ್ಕಾರಿ ಯೋಜನೆಯಡಿ ಕೆಲಸ ಮಾಡುತ್ತಾರೆ. ಇದು ಶುರುವಾದದ್ದು 2011ರಲ್ಲಿ. ಜರ್ಮನ್ ಸರ್ಕಾರದ ನೆರವಿನ ‘ವೆಲ್ಟ್‌ವೆರ್ಟ್ಸ್’ ಎಂಬ ಸ್ವಯಂಸೇವಾ ಕಾರ್ಯಕ್ರಮದ ಮೂಲಕ ಆಯ್ಕೆಯಾದವರೂ ಸಾಮಾನ್ಯವಾಗಿ ಈ ಯೋಜನೆಗೇ ಬರುತ್ತಾರೆ. ಬಾಲವಾಡಿ, ವೃದ್ಧಾಶ್ರಮ, ವಿಶೇಷಚೇತನರ ಕೇಂದ್ರ, ಸಾವಯವ ತೋಟ ಇಂಥ ಕಡೆ ಕೆಲಸ ಇರುತ್ತದೆ. 12 ತಿಂಗಳ ಸೇವೆಯಲ್ಲಿ 25 ದಿನ ತರಬೇತಿ ಶಿಬಿರಕ್ಕೆ ಮೀಸಲು. ಕೆಲವು ಸಂಸ್ಥೆಗಳು ಇಡೀ ವರ್ಷ ಸ್ಥಳೀಯ ಕುಟುಂಬದ ಜತೆ ಇಡುತ್ತವೆ, ಕೆಲವು ಭಾಷೆ ಹಿಡಿತಕ್ಕೆ ಬರುವ ಮೊದಲ ಕೆಲವು ತಿಂಗಳು ಮಾತ್ರ.

ಕೆಲಸದ ಬಗ್ಗೆ ಶಿಬಿರದಲ್ಲಿ ಬೇಕಾದಷ್ಟು ಹೇಳಿಕೊಡುತ್ತಾರೆ. ಮನೆಯ ಬಗ್ಗೆ ಹೇಳುವವರು ಕಡಿಮೆ. ತಕರಾರು ಹುಟ್ಟುವುದು ಮಾತ್ರ ಮನೆಯಲ್ಲೇ, ಅದರ ಬೇರು ಹೆಚ್ಚಿನ ಸಲ ನಮ್ಮ ಸಂಕೋಚ. ನಮ್ಮಲ್ಲಿ ಬೀಗರ ಮನೆಗೆ ಹೋದರೆ ಮೊದಲ ಸಲ ‘ಸಾಕ್ರಿ’ ಅನ್ನಬೇಕು, ಎರಡನೇ ಸಲ ‘ಬ್ಯಾಡ್ರಿ’ ಅನ್ನಬೇಕು, ಮೂರನೇ ಸಲ ಅವರು ತಾಟಿಗೆ ಹಾಕಿಯೇ ಬಿಡಬೇಕು. ಅಲ್ಲಿ ಮೊದಲ ‘ಬೇಡ’ಕ್ಕೇ ಪಾತ್ರೆ ಮುಚ್ಚಿ ಎತ್ತಿಡುತ್ತಾರೆ. ಅದು ಅನಾದರವಲ್ಲ, ನಿಮ್ಮ ಮಾತಿಗೆ ಕೊಟ್ಟ ಬೆಲೆ. ಮುಂದೆ ಬರುವ ಹೆಚ್ಚಿನ ಸೂಚನೆಗಳು ಈ ಒಂದು ಸಂಗತಿಗೇ ಬಂದು ಸೇರುತ್ತವೆ.

ಹೊರಡುವ ಮುನ್ನಿನ ಒಂದು ತಿಂಗಳು

ಕುಟುಂಬದ ವಿಳಾಸ ಕೈಗೆ ಬಂದ ಕೂಡಲೇ ಒಂದು ಪುಟದ ಪತ್ರ ಬರೆಯಿರಿ. ನಿಮ್ಮ ಪರಿಚಯ ನಾಲ್ಕು ಸಾಲು ಸಾಕು, ಉಳಿದ ಜಾಗವನ್ನು ಊಟಕ್ಕೆ ಕೊಡಿ. ‘ನಾನು ಸಸ್ಯಾಹಾರಿ’ ಎಂದು ಬರೆದರೆ ಕೆಲಸ ಮುಗಿಯುವುದಿಲ್ಲ. ಮೀನು ತಿನ್ನುತ್ತೀರೋ, ಮೊಟ್ಟೆ ನಡೆಯುತ್ತದೋ, ಕೇಕಿನೊಳಗಿನ ಮೊಟ್ಟೆ ನಡೆಯುತ್ತದೋ, ಮಾಂಸ ಬೇಯಿಸಿದ ಪಾತ್ರೆಯಲ್ಲಿ ಮಾಡಿದ್ದು ನಡೆಯುತ್ತದೋ, ಒಂದೊಂದಕ್ಕೂ ಹೌದು ಅಥವಾ ಇಲ್ಲ ಎಂದು ಬರೆಯಿರಿ. ಅಲ್ಲಿ ತರಕಾರಿ ಸೂಪಿಗೆ ಮಾಂಸದ ಸಾರು ಬಳಸುವುದುಂಟು. ಮಕ್ಕಳು ತಿನ್ನುವ ಮೆತ್ತನೆಯ ಜೆಲ್ಲಿ ಮಿಠಾಯಿಗಳಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರುತ್ತದೆ, ಕೆಲವು ಚೀಸ್‌ಗೆ ಕರುವಿನ ಜಠರದ ಹೆಪ್ಪು ಹಾಕಿರುತ್ತಾರೆ. ಇಷ್ಟು ಕಟ್ಟುನಿಟ್ಟು ನಿಮಗೆ ಬೇಕೋ ಬೇಡವೋ ಎಂಬುದನ್ನು ಊರಲ್ಲೇ ಕೂತು ತೀರ್ಮಾನಿಸಿ. ಅಲ್ಲಿಗೆ ಹೋಗಿ ಮೂರನೇ ವಾರದಲ್ಲಿ ಹೇಳಿದರೆ, ಅಷ್ಟು ದಿನ ಬಡಿಸಿದವರಿಗೆ ನೋವಾಗುತ್ತದೆ.

ಇದೇ ತಿಂಗಳಲ್ಲಿ ಮನೆಯಲ್ಲೇ ಮೂರು ಅಭ್ಯಾಸ ಮಾಡಿಕೊಳ್ಳಿ. ಎಡಗೈಯಲ್ಲಿ ಮುಳ್ಳುಚಮಚ, ಬಲಗೈಯಲ್ಲಿ ಚಾಕು ಹಿಡಿದು ದಿನಕ್ಕೊಂದು ಊಟ. ಬಚ್ಚಲ ನೆಲ ಒದ್ದೆಯಾಗದ ಹಾಗೆ ಸ್ನಾನ. ಒಗ್ಗರಣೆ ಇಲ್ಲದೆ ಆಗುವ ಎರಡು ಅಡುಗೆ. ಮೂರರಲ್ಲಿ ಕಷ್ಟದ್ದು ಎರಡನೆಯದು.

ಚೀಲಕ್ಕೆ ಏನು ಹಾಕಬೇಕು ಎನ್ನುವುದಕ್ಕಿಂತ ಏನು ಹಾಕಬಾರದು ಎಂಬುದು ಮುಖ್ಯ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನ ದೇಶಗಳಿಂದ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಅವ್ವ ಕಾಸಿದ ತುಪ್ಪ ಇದರಲ್ಲೇ ಬಂತು. ಧಾರವಾಡ ಪೇಡಾ, ಕುಂದಾ ಖೋವಾದಿಂದ ಆದವು, ವಿಮಾನ ನಿಲ್ದಾಣದಲ್ಲಿ ತಡೆದರೆ ವಾದಿಸಿ ಉಪಯೋಗವಿಲ್ಲ, ಹಾಗಾಗಿ ಬಿಟ್ಟುಹೋಗಿ. ಹಸಿ ಕರಿಬೇವಿಗೂ ಅದೇ ಗತಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಒಳ್ಳೆಯ ಸಂಗಾತಿಗಳು. ಹಾಲು ಬೆರೆಯದ ಒಣ ಪದಾರ್ಥಗಳು, ತಿಂಗಳುಗಟ್ಟಲೆ ಇರುತ್ತವೆ. ರೊಟ್ಟಿಯನ್ನು ಗಟ್ಟಿ ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ ಜೋಡಿಸಿ, ಮಲಗಿಸಿದರೆ ಫ್ರಾಂಕ್‌ಫರ್ಟಿಗೆ ಪುಡಿಯೇ ಇಳಿಯುತ್ತದೆ. ಖಾರದ ಪುಡಿಗೆ ಬ್ಯಾಡಗಿಯೇ ಇರಲಿ: ಬಣ್ಣ ಹೆಚ್ಚು, ಖಾರ ಕಡಿಮೆ, ಅಲ್ಲಿನವರೂ ತಿನ್ನಬಹುದು.

ಉಡುಗೊರೆಗೆ ಕಸೂತಿ ಹಾಕಿದ ಮೇಜುಬಟ್ಟೆ, ನವಲಗುಂದದ ಸಣ್ಣ ಜಮಖಾನೆ ಇಂಥವು ಸಾಕು. ದೊಡ್ಡ ದೇವರ ಮೂರ್ತಿ, ಹೊಳೆಯುವ ಶೋಪೀಸ್ ಬೇಡ. ಅವರು ನಿಮ್ಮೆದುರೇ ಬಿಚ್ಚಿ ನೋಡುತ್ತಾರೆ. ನಮ್ಮಲ್ಲಿ ಹಾಗೆ ಮಾಡಿದರೆ ಆಸೆಬುರುಕತನ, ಅಲ್ಲಿ ಮಾಡದಿದ್ದರೆ ಅಸಡ್ಡೆ.

ಚಾರ್ಜರಿನ ತೆಳ್ಳಗಿನ ಎರಡು ಕಡ್ಡಿಯ ಪ್ಲಗ್ ಸಾಮಾನ್ಯವಾಗಿ ಅಲ್ಲಿನ ಸಾಕೆಟ್ಟಿಗೆ ಹೊಂದುತ್ತದೆ. ಮೂರು ಕಡ್ಡಿಯದಕ್ಕೆ ಅಡಾಪ್ಟರ್ ಬೇಕು.

ಮೊದಲ ಎರಡು ದಿನ: ಕೇಳಲೇಬೇಕಾದದ್ದು

ಮೊದಲ ಸಂಜೆ ದಣಿವು ಇರುತ್ತದೆ, ಮಲಗಿಬಿಡಿ. ಮರುದಿನ ಅರ್ಧ ಗಂಟೆ ಕೇಳಿಕೊಂಡು, ಪುಸ್ತಕ ಹಿಡಿದು ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ.

1. ಬೆಳಗಿನ ತಿಂಡಿ ಮತ್ತು ರಾತ್ರಿ ಊಟ ಎಷ್ಟು ಗಂಟೆಗೆ? ನಾನು ಬರದಿದ್ದರೆ ಯಾವ ಹೊತ್ತಿನೊಳಗೆ ತಿಳಿಸಬೇಕು?
2. ಫ್ರಿಜ್ಜಿನಲ್ಲಿ ಏನನ್ನು ಕೇಳದೆ ತೆಗೆದುಕೊಳ್ಳಬಹುದು, ಏನನ್ನು ಮುಟ್ಟಬಾರದು?
3. ಬೆಳಿಗ್ಗೆ ಬಚ್ಚಲು ಯಾರಿಗೆ ಯಾವಾಗ ಬೇಕು?
4. ಬಟ್ಟೆ ಒಗೆಯುವ ಯಂತ್ರ ನನಗೆ ಯಾವ ದಿನ?
5. ಮನೆಗೆಲಸದಲ್ಲಿ ನನ್ನ ಪಾಲು ಯಾವುದು?
6. ಗೆಳೆಯರನ್ನು ಕರೆತರಬಹುದೇ, ಎಷ್ಟು ದಿನ ಮೊದಲು ಹೇಳಬೇಕು?
7. ಮನೆಯಲ್ಲಿ ಯಾರಿಗಾದರೂ ಯಾವುದಾದರೂ ಆಹಾರದ ಅಲರ್ಜಿ ಇದೆಯೇ?

ಏಳನೆಯದನ್ನು ಮರೆಯಲೇಬೇಡಿ. ಉತ್ತರ ಕರ್ನಾಟಕದ ಅಡುಗೆಯಲ್ಲಿ ಶೇಂಗಾ ಇಲ್ಲದ್ದು ಹುಡುಕುವುದು ಕಷ್ಟ, ಶೇಂಗಾ ಅಲರ್ಜಿ ಇದ್ದವರಿಗೆ ಒಂದು ಚಮಚ ಚಟ್ನಿಯೂ ಜೀವಕ್ಕೆ ಅಪಾಯ. ಐದನೆಯದನ್ನು ಕೇಳದಿದ್ದರೆ ಅವರು ತಾವಾಗಿ ಹೇಳುವುದಿಲ್ಲ, ನೀವು ನೋಡಿ ಮಾಡುತ್ತೀರೆಂದು ಕಾಯುತ್ತಾರೆ. ನೀವು ಅವರು ಹೇಳಲೆಂದು ಕಾಯುತ್ತೀರಿ. ಇಬ್ಬರೂ ಕಾಯುತ್ತ ಒಂದು ತಿಂಗಳು ಹೋಗುತ್ತದೆ, ಮುಖ ಬಿಗಿಯಾಗುವುದು ಆಮೇಲೆ.

ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಲು ಮೊದಲ ದಿನವೇ ಕೇಳಿ. ಜರ್ಮನಿಯಲ್ಲಿ ಅಂಚೆಯವರು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಪತ್ರ ಹಾಕುತ್ತಾರೆ. ಹೆಸರಿಲ್ಲದಿದ್ದರೆ ವಿಳಾಸ ಸರಿಯಿದ್ದರೂ ಬ್ಯಾಂಕಿನ, ವಿಮೆಯ, ವೀಸಾ ಕಚೇರಿಯ ಕಾಗದ ವಾಪಸ್ ಹೋಗಿಬಿಡುತ್ತದೆ. ಪಾಸ್‌ಪೋರ್ಟಿನಲ್ಲಿ ಕುಲನಾಮ ಎಂದು ಏನಿದೆಯೋ ಅದನ್ನೇ ಬರೆಯಿರಿ, ಮನೆಯಲ್ಲಿ ಕರೆಯುವ ಹೆಸರನ್ನಲ್ಲ.

ಎರಡು ವಾರದೊಳಗಿನ ಕಾಗದಪತ್ರ

ಮನೆ ಸೇರಿದ ಎರಡು ವಾರದೊಳಗೆ ಊರಿನ ನೋಂದಣಿ ಕಚೇರಿಯಲ್ಲಿ ವಿಳಾಸ ದಾಖಲಿಸಬೇಕು. ಇದಕ್ಕೆ ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. ಪಾಸ್‌ಪೋರ್ಟಿನ ಜತೆ ಮನೆ ಕೊಟ್ಟವರು ಸಹಿ ಮಾಡಿದ ‘ವೋನುಂಗ್ಸ್‌ಗೇಬರ್‌ಬೆಸ್ಟೆಟಿಗುಂಗ್’ ಎಂಬ ಒಂದು ಪುಟದ ಪ್ರಮಾಣಪತ್ರ ಬೇಕು. ದೊಡ್ಡ ಊರುಗಳಲ್ಲಿ ಮುಂಚಿತವಾಗಿ ಸಮಯ ಗೊತ್ತು ಮಾಡಿಕೊಳ್ಳಬೇಕಾಗುವುದರಿಂದ ಬಂದ ವಾರವೇ ವಿಚಾರಿಸಿ.

ನೋಂದಣಿಯಾದ ಮೇಲೆ ಆಕಾಶವಾಣಿ-ದೂರದರ್ಶನ ಶುಲ್ಕ ಕೇಳಿ ನಿಮ್ಮ ಹೆಸರಿಗೆ ಪತ್ರ ಬಂದೀತು. ಗಾಬರಿ ಬೇಡ, ದುಡ್ಡೂ ಕಟ್ಟಬೇಡಿ, ಹಾಗಂತ ಕಸಕ್ಕೂ ಹಾಕಬೇಡಿ. ಅದು ತಲೆಗಲ್ಲ, ಮನೆಗೊಂದು. ಮನೆಯವರು ಈಗಾಗಲೇ ಕಟ್ಟುತ್ತಿದ್ದರೆ ಅವರ ಶುಲ್ಕದ ಖಾತೆ ಸಂಖ್ಯೆ (ಬ್ಯಾಂಕಿನದಲ್ಲ) ಬರೆದು ಉತ್ತರಿಸಿದರೆ ಮುಗಿಯಿತು. ಉತ್ತರ ಹೋಗದಿದ್ದರೆ ನಿಮ್ಮ ಹೆಸರಲ್ಲಿ ಬಾಕಿ ಬೆಳೆಯುತ್ತದೆ.

ಬಚ್ಚಲು

ನಮ್ಮ ಬಚ್ಚಲ ನೆಲಕ್ಕೆ ಇಳಿಜಾರು ಇದೆ, ಮೂಲೆಯಲ್ಲಿ ಮೋರಿ ಇದೆ. ಅಲ್ಲಿ ಷವರ್ ಕಟ್ಟೆ ಬಿಟ್ಟರೆ ನೀರು ಹೋಗಲು ಸಾಮಾನ್ಯವಾಗಿ ಬೇರೆ ದಾರಿಯಿಲ್ಲ. ಬಕೆಟ್ಟು, ಚರಿಗೆ ಇಟ್ಟುಕೊಂಡು ಹೊರಗೆ ನಿಂತು ಸ್ನಾನ ಮಾಡಿದರೆ ನೀರು ಟೈಲ್ಸಿನ ಸಂದಿಯಲ್ಲಿ ಇಳಿದು ಕೆಳಗಿನ ಮನೆಯ ಮಾಳಿಗೆಗೆ ಮುಟ್ಟುತ್ತದೆ. ಹಳೆಯ ಮನೆಗಳಲ್ಲಿ ಮಹಡಿ ಮರದ್ದು, ರಿಪೇರಿ ಖರ್ಚು ಕೇಳಿದರೆ ಎದೆ ಒಡೆಯುತ್ತದೆ. ಬಂದ ಕೂಡಲೇ, ನಿಮ್ಮಿಂದ ಇನ್ನೊಬ್ಬರಿಗಾದ ನಷ್ಟ ತುಂಬುವ ಹೊಣೆಗಾರಿಕೆ ವಿಮೆಯ ಬಗ್ಗೆ ಸಂಸ್ಥೆಯನ್ನು ಕೇಳಿಕೊಳ್ಳಿ.

ಸರಿಯಾದ ಕ್ರಮ ಹೀಗೆ: ಷವರಿನ ಪರದೆಯ ಅಂಚು ಕಟ್ಟೆಯ ಒಳಗೆ ಬರಲಿ. ಮೈ ಒದ್ದೆ ಮಾಡಿ ನೀರು ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ಬಿಡಿ. ಒಟ್ಟು ಐದಾರು ನಿಮಿಷ. ಒಳಗೇ ನಿಂತು ಮೈ ಒರೆಸಿಕೊಳ್ಳಿ. ಗಾಜಿನ ಮೇಲಿನ ನೀರನ್ನು ಅಲ್ಲಿ ನೇತುಹಾಕಿರುವ ರಬ್ಬರ್ ಪಟ್ಟಿಯಿಂದ ಎಳೆದುಬಿಡಿ, ಗಡಸು ನೀರಿನ ಸುಣ್ಣ ಕಲೆಯಾಗಿ ಉಳಿಯುತ್ತದೆ. ಜಾಲರಿಯಲ್ಲಿ ಸಿಕ್ಕ ಕೂದಲು ತೆಗೆಯಿರಿ. ಉದ್ದ ಕೂದಲಿನ ಹುಡುಗಿಯರ ಬಗ್ಗೆ ಮನೆಯವರು ಮನಸ್ಸಿನಲ್ಲೇ ಇಟ್ಟುಕೊಳ್ಳುವ ಮೊದಲ ದೂರು ಇದೇ. ಕೊನೆಗೆ ಕಿಟಕಿ ತೆರೆಯಿರಿ.

ಶೌಚಕ್ಕೆ ನೀರು ಬೇಕೆನ್ನುವವರು ಸಣ್ಣ ಬಾಟಲಿ ಇಟ್ಟುಕೊಳ್ಳಿ, ನೆಲಕ್ಕೆ ಚೆಲ್ಲದಿದ್ದರೆ ಯಾರ ಅಭ್ಯಂತರವೂ ಇಲ್ಲ. ಕಾಗದವನ್ನು ಕಮೋಡಿಗೇ ಹಾಕುತ್ತಾರೆ, ಪ್ಯಾಡುಗಳನ್ನು ಮಾತ್ರ ಕಸದ ಡಬ್ಬಿಗೆ.

ತಲೆಗೆ ಎಣ್ಣೆ ಹಚ್ಚುವವರು ದಿಂಬಿನ ಮೇಲೆ ನಿಮ್ಮದೇ ಹಳೆಯ ಟವೆಲ್ ಹಾಸಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಅಲ್ಲಿ ಹೆಚ್ಚಿನ ದಿನ ಡಬ್ಬಿಯೊಳಗೆ ಕಲ್ಲಾಗಿಯೇ ಇರುತ್ತದೆ. ಅಗಲ ಬಾಯಿಯ ಡಬ್ಬಿ ಒಯ್ಯಿರಿ.

ಕಿಟಕಿ ಮತ್ತು ಹೀಟರ್

ಧಾರವಾಡದ ಚಳಿ ನೋಡಿದವರಿಗೆ ಚಳಿಗಾಲದಲ್ಲಿ ಕಿಟಕಿ ತೆರೆ ಎಂದರೆ ಹುಚ್ಚು ಎನಿಸೀತು. ಆದರೆ ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಉಸಿರು, ಸ್ನಾನ, ಒಣಹಾಕಿದ ಬಟ್ಟೆಯ ತೇವವೆಲ್ಲ ತಣ್ಣನೆಯ ಗೋಡೆಗೆ ಕೂತು ಕಪ್ಪು ಬೂಷ್ಟು ಹಿಡಿಯುತ್ತದೆ. ಅದಕ್ಕೇ ದಿನಕ್ಕೆ ಎರಡು ಮೂರು ಸಲ ಹೀಟರ್ ಆರಿಸಿ, ಕಿಟಕಿ ಪೂರ್ತಿ ತೆರೆದು, 5ರಿಂದ 10 ನಿಮಿಷ ಬಿಟ್ಟು ಮುಚ್ಚುತ್ತಾರೆ. ಅರೆಬರೆ ತೆರೆದು ದಿನವಿಡೀ ಬಿಡುವುದು ತಪ್ಪು. ಗಾಳಿ ಬದಲಾಗುವುದಿಲ್ಲ, ಗೋಡೆ ಮಾತ್ರ ತಣ್ಣಗಾಗುತ್ತದೆ.

ಹೀಟರಿನ ಗುಂಡಿಯ ಮೇಲೆ 1ರಿಂದ 5 ಇರುತ್ತದೆ. 3 ಅಂದರೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ಕೋಣೆ ಬೇಗ ಬಿಸಿಯಾಗುವುದಿಲ್ಲ, ಹೆಚ್ಚು ಬಿಸಿಯಾಗುವವರೆಗೆ ಉರಿಯುತ್ತದೆ ಅಷ್ಟೆ. ಮನೆಯವರೇ ಸ್ವೆಟರ್ ಹಾಕಿಕೊಂಡು ಕೂತಿರುವಾಗ ನಿಮ್ಮ ಕೋಣೆಯ ಹೀಟರ್ 5ರಲ್ಲಿ ಇದ್ದರೆ ಬಿಲ್ಲು ಬಂದ ದಿನ ಮಾತು ಬರುತ್ತದೆ. ಚಳಿ ತಡೆಯದಿದ್ದರೆ ಇನ್ನೊಂದು ಕಂಬಳಿ ಕೇಳಿ.

ಮೇಜಿನ ಮುಂದೆ

ಬಹಳ ಮನೆಗಳಲ್ಲಿ ಬಿಸಿ ಊಟ ಮಧ್ಯಾಹ್ನ ಒಂದೇ. ಸಂಜೆ ಆರು-ಏಳಕ್ಕೆ ಬ್ರೆಡ್ಡು, ಚೀಸ್, ಸೌತೆಕಾಯಿ, ಟೊಮೆಟೊ, ಎಲ್ಲವೂ ತಣ್ಣಗೆ. ಒಂಬತ್ತಕ್ಕೆ ಬಿಸಿ ರೊಟ್ಟಿ ಪಲ್ಯ ಉಂಡು ಮಲಗುವ ಹೊಟ್ಟೆಗೆ ಹತ್ತಕ್ಕೆ ಮತ್ತೆ ಹಸಿವು. ಇದನ್ನು ಬಚ್ಚಿಡಬೇಡಿ. ‘ರಾತ್ರಿ ಒಂದು ಬಾಳೆಹಣ್ಣು, ಒಂದು ಬಟ್ಟಲು ಮೊಸರು ತಿನ್ನಲೇ?’ ಎಂದು ಒಮ್ಮೆ ಕೇಳಿದರೆ ವರ್ಷಕ್ಕೆ ಸಾಕು. ಕೋಣೆಯಲ್ಲಿ ಕದ್ದು ಚಟ್ನಿ-ರೊಟ್ಟಿ ತಿನ್ನುವವರಿದ್ದಾರೆ. ನೆಲಗಂಬಳಿಯ ಮೇಲೆ ಬಿದ್ದ ಗುರೆಳ್ಳು ಪುಡಿ ಅವರನ್ನು ಹಿಡಿದುಕೊಡುತ್ತದೆ.

ಎಲ್ಲರೂ ಕೂತು ‘ಗುಟನ್ ಆಪೆಟಿಟ್’ ಹೇಳುವವರೆಗೆ ಕೈ ಹಾಕಬೇಡಿ. ಮೊದಲು ಸ್ವಲ್ಪವೇ ಹಾಕಿಕೊಳ್ಳಿ. ಎರಡನೇ ಸಲ ಹಾಕಿಕೊಂಡರೆ ಮಾಡಿದವರಿಗೆ ಖುಷಿ, ತಟ್ಟೆಯಲ್ಲಿ ಬಿಟ್ಟರೆ ಬೇಸರ. ಬೇಕಿದ್ದರೆ ‘ಯಾ, ಗೆರ್ನ’ ಅನ್ನಿ, ಅಂದರೆ ಹೌದು, ಸಂತೋಷದಿಂದ. ಬೇಡವಾದರೆ ‘ನೈನ್, ಡಾಂಕೆ’. ಬರೀ ‘ಡಾಂಕೆ’ ಅಂದು ನಕ್ಕರೆ ಬೇಡ ಎಂದೇ ತಿಳಿಯುತ್ತಾರೆ. ನಮ್ಮ ತಲೆ ಅಲ್ಲಾಡಿಸುವ ಒಪ್ಪಿಗೆಯಂತೂ ಅಲ್ಲಿ ‘ಇಲ್ಲ’ ಎಂದೋ ‘ಗೊತ್ತಿಲ್ಲ’ ಎಂದೋ ಕಾಣುತ್ತದೆ. ಬಾಯಲ್ಲೇ ಹೇಳಿ.

ನಲ್ಲಿಯ ನೀರು ಕುಡಿಯಲು ಯೋಗ್ಯ, ಕಾಯಿಸಬೇಕಿಲ್ಲ.

ಆರೂವರೆ ಅಂದರೆ ಆರೂವರೆ. ಹತ್ತು ನಿಮಿಷ ತಡವಾಗುವುದಿದ್ದರೆ ಮೊದಲೇ ಸಂದೇಶ ಕಳಿಸಿ. ನೀವು ಬರುವವರೆಗೆ ಅವರು ತಿನ್ನದೆ ಕೂತಿರುತ್ತಾರೆ. ಅಡುಗೆಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇರುತ್ತದೆ, ಭಾನುವಾರ ಸಂಜೆ ಆ ವಾರದ ನಿಮ್ಮ ಪಾಳಿ, ಭಾಷಾ ತರಗತಿ, ಹೊರಗೆ ಉಣ್ಣುವ ದಿನ ಅದರಲ್ಲಿ ಬರೆಯಿರಿ.

ನೀವು ಅಡುಗೆ ಮಾಡುವ ದಿನ

ತಿಂಗಳಿಗೆ ಒಂದೆರಡು ಸಲ ಅಡುಗೆ ಮಾಡಿಹಾಕಿದರೆ ಮನೆಯ ಗಾಳಿಯೇ ಬದಲಾಗುತ್ತದೆ. ಆದರೆ ಮೂರು ತೊಡಕು ಇವೆ. ಒಲೆ ಇಂಡಕ್ಷನ್ ಆಗಿದ್ದರೆ ಅಲ್ಯೂಮಿನಿಯಂ ಕುಕ್ಕರ್ ಬಿಸಿಯಾಗುವುದೇ ಇಲ್ಲ; ತಳಕ್ಕೆ ಅಯಸ್ಕಾಂತ ಅಂಟದ ಪಾತ್ರೆ ಉಪಯೋಗಕ್ಕೆ ಬಾರದು. ಗಾಜಿನ ಒಲೆಯ ಮೇಲೆ ಕಬ್ಬಿಣದ ಹಂಚು ಎಳೆದಾಡಿದರೆ ಗೀರು ಬೀಳುತ್ತದೆ, ಎತ್ತಿ ಇಡಿ. ಮೂರನೆಯದು ಹೊಗೆ. ಮಲಗುವ ಕೋಣೆಯಲ್ಲಿ ಮತ್ತು ಮನೆಯೊಳಗೆ ಕೋಣೆಗಳ ನಡುವಿನ ಓಣಿಯಲ್ಲಿ ಹೊಗೆ ಸೂಚಕ ಕಡ್ಡಾಯ. ಸಾಸಿವೆ ಸಿಡಿಸುವ ಮೊದಲು ಅಡುಗೆಮನೆ ಬಾಗಿಲು ಮುಚ್ಚಿ, ಹೊಗೆ ಎಳೆಯುವ ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ. ಒಣಮೆಣಸಿನಕಾಯಿಯನ್ನು ಎಣ್ಣೆಗೆ ಹಾಕಲೇಬೇಡಿ, ಅದರ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮುತ್ತ ಹೊರಗೋಡುತ್ತಾರೆ. ಪುಡಿಯನ್ನೇ ಕೊನೆಗೆ ಹಾಕಿ.

ನಾಲ್ವರಿಗೆ ಮೊದಲ ಅಡುಗೆಯಾಗಿ ಎಣ್ಣೆಗಾಯಿ ರುಚಿಯ ಬದನೆ ಪಲ್ಯ ಹೊಂದುತ್ತದೆ. ಅಲ್ಲಿನ ಬದನೆ ಮೊಣಕೈಯಷ್ಟು ದಪ್ಪ, ತುಂಬಲು ಆಗದು. ಎರಡು ಬದನೆಯನ್ನು, ಸುಮಾರು 600 ಗ್ರಾಂ, ಬೆರಳುದ್ದ ಹೆಚ್ಚಿ 4 ದೊಡ್ಡ ಚಮಚ ಎಣ್ಣೆಯಲ್ಲಿ ಮೆತ್ತಗೆ ಬಾಡಿಸಿ. ಹುರಿದು ಪುಡಿಮಾಡಿದ ಶೇಂಗಾ 4 ದೊಡ್ಡ ಚಮಚ, ಎಳ್ಳಿನ ಪುಡಿ 1 ದೊಡ್ಡ ಚಮಚ, ಬ್ಯಾಡಗಿ ಪುಡಿ 1 ಸಣ್ಣ ಚಮಚ, ನೆಲ್ಲಿಕಾಯಿ ಗಾತ್ರದ ಹುಣಸೆಯ ರಸ, ಸ್ವಲ್ಪ ಬೆಲ್ಲ, ಉಪ್ಪು, ಒಂದು ಲೋಟ ನೀರು ಸೇರಿಸಿ 15 ನಿಮಿಷ ಕುದಿಸಿ. 300 ಗ್ರಾಂ ಅಕ್ಕಿಯ ಅನ್ನ ಸಾಕು. ಅರಿಶಿನ ಬಿಳಿ ಕಟ್ಟೆಗೆ, ಮರದ ಸೌಟಿಗೆ ಹಿಡಿದರೆ ಹೋಗುವುದಿಲ್ಲ, ಇದರಲ್ಲಿ ಬೇಕಾಗಿಯೂ ಇಲ್ಲ. ಉಳಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಊಟಕ್ಕೆ ಮೊದಲೇ ಕಟ್ಟೆ ಒರೆಸಿಬಿಡಿ. ಅಡುಗೆಯ ಹೊಗಳಿಕೆ ಎಷ್ಟೇ ಬರಲಿ, ಮರುದಿನ ಅವರಿಗೆ ನೆನಪಿರುವುದು ಕಟ್ಟೆ.

ಜೋಳದ ಹಿಟ್ಟು ಸಿಕ್ಕಿತೆಂದು ರಾತ್ರಿ ಹತ್ತಕ್ಕೆ ರೊಟ್ಟಿ ಬಡಿಯಲು ಕೂರಬೇಡಿ. ಕೆಳಗಿನ ಮನೆಯವರಿಗೆ ಅದು ಯಾವ ಸಪ್ಪಳವೆಂದು ತಿಳಿಯದೆ ಬಾಗಿಲು ತಟ್ಟುತ್ತಾರೆ.

ಸದ್ದು, ಕಸ, ಭಾನುವಾರ

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಶ್ಶಬ್ದದ ಹೊತ್ತು. ಭಾನುವಾರ ಇಡೀ ದಿನ ಹಾಗೆಯೇ, ಅಂಗಡಿಗಳೂ ಮುಚ್ಚಿರುತ್ತವೆ. ಬೇಕಾದ್ದನ್ನು ಶನಿವಾರ ಕೊಳ್ಳಿ. ಕಸಕ್ಕೆ ಹಳದಿ ಡಬ್ಬಿ ಅಥವಾ ಚೀಲ ಪ್ಯಾಕಿಂಗ್ ಪ್ಲಾಸ್ಟಿಕ್ಕಿಗೆ, ನೀಲಿ ಕಾಗದಕ್ಕೆ, ಕಂದು ಅಡುಗೆ ಕಸಕ್ಕೆ, ಕಪ್ಪು ಅಥವಾ ಬೂದು ಉಳಿದದ್ದಕ್ಕೆ. ಬಣ್ಣ ಊರಿಂದ ಊರಿಗೆ ಸ್ವಲ್ಪ ಬದಲಾಗಬಹುದು. ಠೇವಣಿ ಗುರುತಿರುವ ಪ್ಲಾಸ್ಟಿಕ್ ಬಾಟಲಿಯನ್ನು ಎಸೆಯಬೇಡಿ, ಅಂಗಡಿಯ ಯಂತ್ರಕ್ಕೆ ಹಾಕಿದರೆ 25 ಸೆಂಟ್ ವಾಪಸ್.

ಕರೆಯುವ ಬಗೆ

ಐವತ್ತೈದು ವರ್ಷದ ಹೆಂಗಸು ‘ನನ್ನನ್ನು ಹೆಸರು ಹಿಡಿದು ಕರೆ’ ಎಂದರೆ ನಮ್ಮ ನಾಲಿಗೆ ಹೊರಳುವುದಿಲ್ಲ. ಆದರೂ ಕರೆಯಿರಿ. ಆಂಟಿ, ಮೇಡಂ ಸೇರಿಸಿದರೆ ನೀವು ದೂರ ಇಡುತ್ತಿದ್ದೀರಿ ಎಂದು ಅವರಿಗೆ ಅನಿಸುತ್ತದೆ. ಅವರು ಹೇಳುವವರೆಗೆ ಮಾತ್ರ ಬಹುವಚನದಲ್ಲೇ ಇರಿ. ಕಾಲು ಮುಟ್ಟಲು ಬಗ್ಗಿದರೆ ಬೆಚ್ಚಿಬೀಳುತ್ತಾರೆ, ಕೈ ಕುಲುಕಿ.

ಜರ್ಮನ್ ಅರ್ಥವಾಗದಿದ್ದಾಗ ನಕ್ಕು ತಲೆಯಾಡಿಸುವುದು ದೊಡ್ಡ ಅಪಾಯ. ಬಾಗಿಲಿಗೆ ಎರಡು ಸಲ ಬೀಗ ತಿರುಗಿಸು ಎಂದದ್ದು ತಿಳಿಯದೆ ಹೂಂ ಅಂದರೆ ಮನೆ ತೆರೆದೇ ಉಳಿಯುತ್ತದೆ. ‘ಲಾಂಗ್‌ಸಾಮ್, ಬಿಟ್ಟೆ’, ನಿಧಾನವಾಗಿ ಹೇಳಿ ಎಂದು ಕೇಳಿ, ಆಮೇಲೆ ತಿಳಿದದ್ದನ್ನು ನಿಮ್ಮ ಮಾತಲ್ಲಿ ತಿರುಗಿ ಹೇಳಿ.

ಊರಿಂದ ಬರುವ ಫೋನು

ಇದನ್ನು ಹಾವೇರಿಯಲ್ಲಿ, ಗದಗಿನಲ್ಲಿ ಇರುವ ಅಪ್ಪ-ಅವ್ವಂದಿರೂ ಓದಬೇಕು. ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ಅಲ್ಲಿಯ ಗಡಿಯಾರ ನಮಗಿಂತ ನಾಲ್ಕೂವರೆ ತಾಸು ಹಿಂದೆ, ಉಳಿದ ದಿನ ಮೂರೂವರೆ ತಾಸು. ಬೆಳಿಗ್ಗೆ ಏಳಕ್ಕೆ ಪೂಜೆ ಮುಗಿಸಿ ಫೋನ್ ಮಾಡಿದರೆ ಅಲ್ಲಿ ನಡುರಾತ್ರಿ ಎರಡೂವರೆ ಅಥವಾ ಮೂರೂವರೆ. ಇಲ್ಲಿಯ ರಾತ್ರಿ ಒಂಬತ್ತು ಒಳ್ಳೆಯ ಹೊತ್ತು, ಅಲ್ಲಿ ಕೆಲಸ ಮುಗಿದು ಊಟ ಶುರುವಾಗಿರುವುದಿಲ್ಲ. ದಿನಾ ಬೇಡ, ವಾರಕ್ಕೆ ಎರಡು ಮೂರು ಸಲ ಎಂದು ಗೊತ್ತು ಮಾಡಿಕೊಂಡರೆ ಇಬ್ಬರಿಗೂ ಹಗುರ. ವಿಡಿಯೊ ಕರೆಯಲ್ಲಿ ಮನೆ ತೋರಿಸುವ ಮೊದಲು ಮನೆಯವರನ್ನು ಕೇಳಬೇಕು. ಅವರ ಮಕ್ಕಳ ಫೋಟೊವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದಂತೂ ಬೇಡವೇ ಬೇಡ.

ನವೆಂಬರ್ ಮಧ್ಯದಿಂದ ಜನವರಿವರೆಗೆ ಮನಸ್ಸು ಕುಗ್ಗುವುದು ಸಹಜ. ಡಿಸೆಂಬರಿನಲ್ಲಿ ಬರ್ಲಿನ್ನಿನಂಥ ಊರಲ್ಲಿ ಸಂಜೆ ನಾಲ್ಕರೊಳಗೆ ಸೂರ್ಯ ಮುಳುಗಿರುತ್ತಾನೆ. ಕತ್ತಲಾಯಿತೆಂದು ಕೋಣೆಗೆ ಸೇರಿಕೊಳ್ಳದೆ ಮಧ್ಯಾಹ್ನ ಅರ್ಧ ತಾಸು ಹೊರಗೆ ನಡೆಯಿರಿ, ಸಂಜೆ ಎಲ್ಲರ ಜತೆ ಪಡಸಾಲೆಯಲ್ಲಿ ಕೂತಿರಿ. ಮಾತಾಡದಿದ್ದರೂ ನಡೆದೀತು.

ಹೊಂದದಿದ್ದಾಗ

ಕಿರಿಕಿರಿ ಎನಿಸಿದ್ದನ್ನು ಎರಡು ಮೂರು ದಿನದೊಳಗೆ ಹೇಳಿ. ಊಟದ ನಡುವೆ ಬೇಡ, ‘ಹತ್ತು ನಿಮಿಷ ಮಾತಾಡಬೇಕಿತ್ತು’ ಎಂದು ಕೇಳಿಕೊಂಡು ಹೇಳಿ. ‘ನೀವು ಹೀಗೆ ಮಾಡುತ್ತೀರಿ’ ಎನ್ನುವ ಬದಲು ‘ನನಗೆ ಹೀಗಾಗುತ್ತಿದೆ, ಹೀಗೆ ಮಾಡಬಹುದೇ’ ಎಂದು ಒಂದೇ ಸಂಗತಿ ಎತ್ತಿಕೊಳ್ಳಿ. ಅವರು ನೇರವಾಗಿ ಉತ್ತರಿಸುತ್ತಾರೆ, ದನಿ ಒರಟೆನಿಸಬಹುದು, ಆದರೆ ಮರುದಿನಕ್ಕೆ ಅದನ್ನು ಉಳಿಸಿಕೊಳ್ಳುವುದು ಕಡಿಮೆ. ಎರಡು ಸಲ ಹೇಳಿಯೂ ಬದಲಾಗದಿದ್ದರೆ ಸಂಸ್ಥೆಯಲ್ಲಿ ನಿಮಗೆಂದು ಗೊತ್ತುಮಾಡಿದ ಮಾರ್ಗದರ್ಶಿಗೆ ತಿಳಿಸಿ. ಮನೆ ಬದಲಿಸುವುದು ಸೋಲಲ್ಲ, ಸಂಸ್ಥೆಗಳಿಗೆ ಅದು ಹೊಸತೂ ಅಲ್ಲ.

ಕೆಲವನ್ನು ಮಾತ್ರ ಸಹಿಸಬಾರದು, ಕಾಯಲೂ ಬಾರದು. ಸ್ವಯಂಸೇವಕರು ಮನೆಗೆಲಸದವರಲ್ಲ. ಪಾತ್ರೆ, ಕಸ, ನಿಮ್ಮ ಕೋಣೆ, ಪಾಳಿಯ ಮೇಲೆ ಬಚ್ಚಲು ಸರಿ. ದಿನಾ ತಾಸುಗಟ್ಟಲೆ ಮಕ್ಕಳನ್ನು ನೋಡಿಕೊಳ್ಳುವುದು ‘ಓ ಪೇರ್’ ಎಂಬ ಬೇರೆಯೇ ವ್ಯವಸ್ಥೆಯ ಕೆಲಸ, ಅದಕ್ಕೆ ನಿಯಮವೇ ಬೇರೆ. ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು, ಕೇಳದೆ ಕೋಣೆಗೆ ನುಗ್ಗುವುದು, ಮೈ ಮುಟ್ಟುವುದು ಕಂಡ ದಿನವೇ ಸಂಸ್ಥೆಗೆ ಹೇಳಿ. ಪೊಲೀಸ್ 110, ಆಂಬುಲೆನ್ಸ್ ಮತ್ತು ಅಗ್ನಿಶಾಮಕ 112, ತುರ್ತಲ್ಲದ ವೈದ್ಯರಿಗೆ 116117, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯಕ್ಕೆ 116016. ಈ ನಾಲ್ಕನ್ನು ಫೋನಿನಲ್ಲೂ ಕಾಗದದಲ್ಲೂ ಬರೆದಿಟ್ಟುಕೊಳ್ಳಿ.

ಮನೆ ಬಿಡುವಾಗ

ಹೊರಡುವ ಹಿಂದಿನ ವಾರ ವಿಳಾಸ ರದ್ದು ಮಾಡಿಸಿ. ದೇಶ ಬಿಡುವವರಿಗೆ ಇದನ್ನು ಹೊರಡುವ ಒಂದು ವಾರ ಮೊದಲಿನಿಂದ ಎರಡು ವಾರ ಆಮೇಲಿನವರೆಗೆ ಮಾಡಬಹುದು. ಅಲ್ಲಿ ಕೊಡುವ ಕಾಗದದ ಪ್ರತಿ ಬ್ಯಾಂಕು, ವಿಮೆ, ಮೊಬೈಲ್ ಮುಚ್ಚಿಸಲು ಬೇಕಾಗಬಹುದು. ಹಾಸಿಗೆಯ ಬಟ್ಟೆ ಒಗೆದು ಮಡಚಿಡಿ, ಗೋಡೆಗೆ ಅಂಟಿಸಿದ್ದನ್ನು ತೆಗೆಯಿರಿ, ಕೀಲಿಗಳನ್ನು ಎಣಿಸಿ ಕೈಗೇ ಕೊಡಿ, ಅಂಚೆಪೆಟ್ಟಿಗೆಯ ಮೇಲಿನ ಹೆಸರನ್ನು ಇನ್ನೊಂದು ತಿಂಗಳು ಬಿಡಲು ಕೇಳಿಕೊಳ್ಳಿ. ಕೊನೆಯ ಪತ್ರಗಳು ನೀವು ಹುಬ್ಬಳ್ಳಿ ಮುಟ್ಟಿದ ಮೇಲೆಯೇ ಬರುತ್ತವೆ.